ತಾರಸಿಯ ಆಂಟೆನಾ ಮತ್ತು ಅದರ ಅರ್ಥಿಂಗ್: ದೋಷ ಪತ್ತೆ ಹಚ್ಚುವ ಕ್ರಮ

ಚಿಕ್ಕಬಳ್ಳಾಪುರ ಜಿಲ್ಲೆಯ ಚಿಂತಾಮಣಿ, ಶಿಡ್ಲಘಟ್ಟ, ಗುಡಿಬಂಡೆ ಮತ್ತು ಬಾಗೇಪಲ್ಲಿ ತಾಲ್ಲೂಕುಗಳಲ್ಲಿ ಕೇಬಲ್ ಎಳೆಯಲು ಅನುಕೂಲವಿಲ್ಲದ ಎಷ್ಟೋ ಹಳ್ಳಿಗಳಿವೆ. ಅಲ್ಲಿನ ಹಾಲಿನ ಡೇರಿಗೂ ಶಾಲೆಗೂ ರೇಷ್ಮೆ ರೀಲಿಂಗ್ ಘಟಕಕ್ಕೂ ಇಂಟರ್ನೆಟ್ ತಲುಪಿಸುವುದು ತಾರಸಿಯ ಮೇಲೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ಬಿಗಿದ 5 ಗಿಗಾಹರ್ಟ್ಸ್ ರೇಡಿಯೊ. ಅದು ಕೆಟ್ಟಾಗ ಹೇಳುವ ಕಾರಣಗಳು ಸಾಮಾನ್ಯವಾಗಿ ಎರಡೇ: ರೇಡಿಯೊ ಸತ್ತಿದ್ದರೆ ‘ಸಿಡಿಲಿಗೆ ಹೋಯಿತು’, ವೇಗ ಕುಸಿದಿದ್ದರೆ ‘ಮಳೆಗೆ ಸಿಗ್ನಲ್ ಹೋಯಿತು’. ನಾನು ಬಿಚ್ಚಿ ನೋಡಿದ ಬಹುಪಾಲು ಕಡೆಗಳಲ್ಲಿ ಈ ಎರಡೂ ಪೂರ್ತಿ ನಿಜವಾಗಿರಲಿಲ್ಲ. ಸಿಡಿಲು ಬಿದ್ದದ್ದು ಅರ್ಧ ಕಿಲೋಮೀಟರ್ ಆಚೆ, ರೇಡಿಯೊ ಸುಟ್ಟದ್ದು ಆಂಟೆನಾದ ಅರ್ಥಿಂಗನ್ನು ಮನೆಯ ಅರ್ಥಿಂಗಿನಿಂದ ಬೇರೆಯಾಗಿ ಇಟ್ಟದ್ದರಿಂದ. ಮಳೆ ಬಂದದ್ದು ಹೌದು, ಆದರೆ ಸಿಗ್ನಲ್ ಕಳೆದದ್ದು ಕನೆಕ್ಟರಿನೊಳಗೆ ಇಳಿದ ನೀರಿನಿಂದ. ಕಾರಣ ತಿಳಿಯದೆ ಹೊಸ ರೇಡಿಯೊ ಕಟ್ಟಿದರೆ ಅದೂ ಮುಂದಿನ ಬೇಸಿಗೆಯ ಗುಡುಗಿಗೆ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ತಪ್ಪು ಅರ್ಥಿಂಗ್ ಇರುವ ಕಂಬ ತಾರಸಿಯಲ್ಲಿ ಬಟ್ಟೆ ಒಣಗಿಸುವವರ ಜೀವಕ್ಕೇ ಅಪಾಯ. ಆದ್ದರಿಂದ ಕೆಳಗಿನ ಪರೀಕ್ಷೆಗಳನ್ನು ಹೇಳಿದ ಕ್ರಮದಲ್ಲಿಯೇ ಮಾಡಬೇಕು.

ಕಂಬ ಮುಟ್ಟುವ ಮುನ್ನ

ಮೊದಲು ನೋಡಬೇಕಾದದ್ದು ಆಕಾಶವನ್ನು ಮತ್ತು ಕರೆಂಟಿನ ತಂತಿಯನ್ನು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಸಂಜೆ ಮೋಡ ಕವಿಯುವುದು ಬಹಳ ಬೇಗ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿಲೋಮೀಟರಿನೊಳಗೆ ಇದೆ ಎಂದು ತಿಳಿದು ತಾರಸಿಯಿಂದ ಇಳಿಯಬೇಕು, ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಮತ್ತೆ ಹತ್ತಬಾರದು. ಸಿಡಿಲಿನ ಮುನ್ಸೂಚನೆ ಕೊಡುವ ‘ದಾಮಿನಿ’ ಆ್ಯಪನ್ನು ಫೋನಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು, ಆದರೆ ಅದು ಸೂಚನೆ ಕೊಡಲಿಲ್ಲ ಎಂಬುದು ಹತ್ತಲು ಕಾರಣವಾಗಬಾರದು. ಇನ್ನು ಕರೆಂಟಿನ ತಂತಿ: ಕಂಬ ಯಾವ ದಿಕ್ಕಿಗೆ ವಾಲಿ ಬಿದ್ದರೂ ತಂತಿಗೆ ತಾಗಬಾರದು, ಅಂದರೆ ಅವೆರಡರ ನಡುವಿನ ಅಂತರ ಕಂಬದ ಪೂರ್ತಿ ಉದ್ದಕ್ಕಿಂತ ಹೆಚ್ಚಿರಬೇಕು. ಅಷ್ಟು ಅಂತರವಿಲ್ಲದ ಕಡೆ ದುರಸ್ತಿ ಮಾಡುವುದಲ್ಲ, ಕಂಬದ ಜಾಗವನ್ನೇ ಬದಲಿಸಬೇಕು.

ಮೂರನೆಯದು, ಕಂಬದಲ್ಲಿ ಕರೆಂಟು ಇದೆಯೇ ಎಂಬ ಪರೀಕ್ಷೆ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಮಾಡುವವರೂ ಮನೆಯ ಅರ್ಥ್ ಪಿನ್ನಿಗೂ ಕಂಬಕ್ಕೂ ನಡುವೆ ವೋಲ್ಟೇಜು ನೋಡಿ ಸೊನ್ನೆ ಬಂತೆಂದು ನಿಶ್ಚಿಂತರಾಗುತ್ತಾರೆ. ಮನೆಯ ಅರ್ಥ್ ತಂತಿಗೇ ಕರೆಂಟು ಏರಿದ್ದು, ಅದೇ ತಂತಿ ಕಂಬಕ್ಕೂ ಸೇರಿದ್ದರೆ, ಎರಡೂ ಒಂದೇ ವೋಲ್ಟೇಜಿನಲ್ಲಿರುವುದರಿಂದ ಮೀಟರು ಸೊನ್ನೆಯನ್ನೇ ತೋರಿಸುತ್ತದೆ. ಆದ್ದರಿಂದ ಮನೆಯಿಂದ ಕೆಲವು ಮೀಟರ್ ದೂರದ ತೇವದ ನೆಲಕ್ಕೆ ಒಂದು ಕಬ್ಬಿಣದ ಸಲಾಕೆ ಹೊಡೆದು, ಅದಕ್ಕೂ ಕಂಬಕ್ಕೂ ನಡುವೆ ಎಸಿ ವೋಲ್ಟೇಜು ಅಳೆಯಬೇಕು. ಸಾಮಾನ್ಯ ಡಿಜಿಟಲ್ ಮೀಟರು ಹತ್ತಿರದ ತಂತಿಗಳಿಂದ ಪ್ರೇರಿತವಾದ ಸುಳ್ಳು ವೋಲ್ಟೇಜನ್ನೂ ತೋರಿಸುತ್ತದೆ. ಕಡಿಮೆ ಇಂಪೀಡೆನ್ಸ್ ಸೌಲಭ್ಯವಿರುವ, ಅಂದರೆ ಅಳೆಯುವಾಗ ಸ್ವಲ್ಪ ಕರೆಂಟು ಎಳೆದು ನೋಡುವ ಮೀಟರಿನಲ್ಲಿ ಅದೇ ಓದು ಸೊನ್ನೆಗೆ ಬಿದ್ದರೆ ಅದು ಸುಳ್ಳು, ಉಳಿದರೆ ನಿಜವಾದ ಕರೆಂಟು. ಅಂಥ ಮೀಟರು ಇಲ್ಲದಿದ್ದರೆ ಕಂಬದಲ್ಲಿ ಕರೆಂಟು ಇದೆಯೆಂದೇ ಭಾವಿಸಬೇಕು.

ವೋಲ್ಟೇಜು ಇದ್ದರೆ ಮನೆಯ ಮೇನ್ ಸ್ವಿಚ್ ಆರಿಸಿ ಮತ್ತೆ ಅಳೆಯಿರಿ. ಮಾಯವಾದರೆ ದೋಷ ಮನೆಯ ಒಳಗಿನ ವೈರಿಂಗಿನಲ್ಲಿದೆ. ಮೇನ್ ಆರಿಸಿದ ಮೇಲೂ ಉಳಿದರೆ ಅದು ಹೊರಗಿನಿಂದ, ಹೆಚ್ಚಾಗಿ ನ್ಯೂಟ್ರಲ್ ಮೂಲಕ ಬರುತ್ತಿದೆ. ಅರ್ಥ್ ಇಲ್ಲದ ಮನೆಗಳಲ್ಲಿ ಸಾಕೆಟ್ಟಿನ ನ್ಯೂಟ್ರಲ್ಲಿನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ತಂತಿ ಹಾಕಿ ‘ಅರ್ಥ್ ಕೊಟ್ಟಿದ್ದೇವೆ’ ಎನ್ನುವ ಪದ್ಧತಿ ಇನ್ನೂ ಇದೆ. ಹಳ್ಳಿಯ ಕಂಬದಲ್ಲಿ ನ್ಯೂಟ್ರಲ್ ಸಡಿಲವಾದ ಕ್ಷಣ ಆ ಮನೆಯ ಆಂಟೆನಾ ಕಂಬ, ಫ್ರಿಜ್, ಮೋಟಾರಿನ ಮೈ ಎಲ್ಲದಕ್ಕೂ ಕರೆಂಟು ಏರುತ್ತದೆ. ಇಂಥ ತುಂಡು ತಂತಿ ಸಿಕ್ಕಿದರೆ ಮೇನ್ ಆರಿಸಿ ಅದನ್ನು ಮೊದಲು ತೆಗೆಯಬೇಕು, ಹೊರಗಿನ ನ್ಯೂಟ್ರಲ್ ದೋಷಕ್ಕೆ ಬೆಸ್ಕಾಂ ಲೈನ್‌ಮನ್‌ಗೆ ತಿಳಿಸಬೇಕು. ಅವೆರಡೂ ಸರಿಹೋಗುವವರೆಗೆ ರೇಡಿಯೊ ಕೆಲಸ ನಿಲ್ಲಲಿ.

ರೇಡಿಯೊ ಸತ್ತಿದ್ದರೆ

ಏನೇನು ಸುಟ್ಟಿದೆ ಎಂಬುದರಿಂದಲೇ ಆಘಾತ ಬಂದ ದಾರಿ ಬಹಳಮಟ್ಟಿಗೆ ತಿಳಿಯುತ್ತದೆ, ಆದ್ದರಿಂದ ಯಾವುದನ್ನೂ ಬದಲಿಸುವ ಮುನ್ನ ಬರೆದಿಟ್ಟುಕೊಳ್ಳಿ. ಅಡಾಪ್ಟರ್ (ಈಥರ್ನೆಟ್ ಕೇಬಲ್ಲಿನ ಮೂಲಕವೇ ರೇಡಿಯೊಗೆ ಕರೆಂಟು ಕೊಡುವ ಪೆಟ್ಟಿಗೆ) ಮಾತ್ರ ಸತ್ತು ರೇಡಿಯೊ ಚೆನ್ನಾಗಿದ್ದರೆ ಆಘಾತ ಕರೆಂಟಿನ ಕಡೆಯಿಂದ ಬಂದಿದೆ. ರೇಡಿಯೊ ದೀಪ ಉರಿಯುತ್ತದೆ, ಆದರೆ ಅದರ ಈಥರ್ನೆಟ್ ಪೋರ್ಟೂ ಕೆಳಗಿನ ರೂಟರಿನ ಪೋರ್ಟೂ ಒಟ್ಟಿಗೆ ಸತ್ತಿವೆ ಎಂದರೆ ಆಘಾತ ಮೇಲಿನಿಂದ ಕೆಳಕ್ಕೋ ಕೆಳಗಿನಿಂದ ಮೇಲಕ್ಕೋ ಕೇಬಲ್ಲಿನ ಉದ್ದಕ್ಕೂ ಹರಿದಿದೆ. ಇದೇ ಎರಡು ಬೇರೆ ಬೇರೆ ಅರ್ಥಿಂಗ್ ಇರುವ ಮನೆಗಳ ಗುರುತು. ಅದರ ವಿಷಯ ಮುಂದೆ ವಿವರವಾಗಿ ಬರುತ್ತದೆ. ಆಂಟೆನಾದ ಮೈಮೇಲೆ ಕರಿ ಕಲೆ, ಸೀಳಿದ ಪ್ಲಾಸ್ಟಿಕ್, ಗೋಡೆಯ ಗಾರೆ ಸಿಡಿದ ಗುರುತು ಇದ್ದರೆ ಮಾತ್ರ ನೇರವಾಗಿ ಸಿಡಿಲು ಬಡಿದಿದೆ ಎನ್ನಬಹುದು.

ಇವು ಯಾವುವೂ ಕಾಣದೆ ರೇಡಿಯೊ ಸುಮ್ಮನೆ ಆರಿಹೋಗಿದ್ದರೆ ನೆಲದ ಮೇಲಿನಿಂದ ಶುರು ಮಾಡಿ. ಅಡಾಪ್ಟರಿನ ವೋಲ್ಟೇಜನ್ನು ಅದರ ಮೇಲೆ ಬರೆದಿರುವುದಕ್ಕೆ ಹೋಲಿಸಿ ನೋಡಿ. 24 ವೋಲ್ಟಿನ ರೇಡಿಯೊಗೆ 48 ವೋಲ್ಟಿನ ಅಡಾಪ್ಟರ್ ಸಿಕ್ಕಿಸಿ ಸುಟ್ಟವುಗಳನ್ನು ಕಂಡಿದ್ದೇನೆ, ಎರಡರ ಪಿನ್ನೂ ಒಂದೇ ಥರ ಇರುವುದರಿಂದ ಈ ತಪ್ಪು ಸುಲಭವಾಗಿ ಆಗುತ್ತದೆ. ಬಳಿಕ ಎರಡು ಮೀಟರ್ ಉದ್ದದ, ಚೆನ್ನಾಗಿದೆಯೆಂದು ಗೊತ್ತಿರುವ ಕೇಬಲ್ಲಿನಲ್ಲಿ ಬದಲಿ ರೇಡಿಯೊ ಹಚ್ಚಿ ನೋಡಿ. ಅದು ಹತ್ತಿದರೆ ದೋಷ ಮೇಲಿನ ಕೇಬಲ್ಲಿನಲ್ಲೋ ರೇಡಿಯೊದಲ್ಲೋ ಇದೆ. ಕೇಬಲ್ಲಿನ ತುದಿ ಕತ್ತರಿಸಿ ಒಳಗಿನ ತಂತಿಯ ಬಣ್ಣ ನೋಡಿ. ಹಸಿರು ಕಟ್ಟಿದ್ದರೆ ನೀರು ಇಳಿದಿದೆ. ತಂತಿ ಕೆರೆದಾಗ ಬೆಳ್ಳಗೆ ಕಂಡರೆ ಅದು ತಾಮ್ರವಲ್ಲ, ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಅದರ ಪ್ರತಿರೋಧ ತಾಮ್ರಕ್ಕಿಂತ ಹೆಚ್ಚು, ಉದ್ದವಾದಷ್ಟೂ ರೇಡಿಯೊಗೆ ವೋಲ್ಟೇಜು ಸಾಲದೆ ಹೋಗುತ್ತದೆ. ಬೆಳಿಗ್ಗೆ ಚೆನ್ನಾಗಿದ್ದು, ಮಧ್ಯಾಹ್ನ ಎರಡರ ಬಿಸಿಲಿನಲ್ಲಿ ತಾನಾಗಿ ಆರಿ ಹತ್ತುವ ರೇಡಿಯೊಗಳಲ್ಲಿ ಈ ಕೇಬಲ್ಲನ್ನೂ ಅಡಾಪ್ಟರ್ ಬಿಸಿಯಾಗುವುದನ್ನೂ ಮೊದಲು ಅನುಮಾನಿಸಬೇಕು. ಪೋರ್ಟಿನ ವೇಗ 100ರಿಂದ 10 ಮೆಗಾಬಿಟ್ಟಿಗೆ ತಾನಾಗಿ ಇಳಿದಿದ್ದರೆ ಅದೂ ಬಹುತೇಕ ಕೇಬಲ್ಲಿನದ್ದೇ ದೂರು.

ಬದಲಿಸುವ ಕೇಬಲ್ ಹೊರಾಂಗಣದ್ದಾಗಿರಬೇಕು, ಅಪ್ಪಟ ತಾಮ್ರದ್ದಾಗಿರಬೇಕು, ಲೋಹದ ಹೊದಿಕೆ ಇರುವಂಥದ್ದಾಗಿರಬೇಕು. ಗೋಡೆಯೊಳಗೆ ನುಗ್ಗುವ ಮುನ್ನ ಅದನ್ನು ತೂತಿಗಿಂತ ಕೆಳಕ್ಕೆ ಇಳಿಬಿಟ್ಟು ಮತ್ತೆ ಮೇಲಕ್ಕೆ ತಂದರೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಈ ಒಂದು ಬಾಗು ಇಲ್ಲದ್ದರಿಂದ ಮಳೆನೀರು ಕೇಬಲ್ಲಿನ ಮೇಲೆ ಹರಿದು ನೇರವಾಗಿ ರೂಟರಿನೊಳಗೆ ಬಂದದ್ದನ್ನು ಕಂಡಿದ್ದೇನೆ.

ಸಿಗ್ನಲ್ ಕುಸಿದಿದ್ದರೆ

ಎಷ್ಟಿರಬೇಕಿತ್ತು ಎಂದು ತಿಳಿಯದೆ ಕಡಿಮೆ ಇದೆ ಎನ್ನಲಾಗದು. 6 ಕಿಲೋಮೀಟರ್ ದೂರ, 5.8 ಗಿಗಾಹರ್ಟ್ಸ್ ಎಂದಿಟ್ಟುಕೊಂಡರೆ ತೆರೆದ ಗಾಳಿಯಲ್ಲಿನ ನಷ್ಟ ಸುಮಾರು 123 ಡೆಸಿಬೆಲ್. ರೇಡಿಯೊ ಕಳಿಸುವ ಶಕ್ತಿ 13 ಡಿಬಿಎಂ (ಒಂದು ಮಿಲಿವ್ಯಾಟಿಗೆ ಹೋಲಿಸಿದ ಡೆಸಿಬೆಲ್), ಎರಡೂ ಕಡೆ 23 ಡಿಬಿಐ (ಆಂಟೆನಾ ಸಿಗ್ನಲನ್ನು ಒಂದೇ ದಿಕ್ಕಿಗೆ ಕೂಡಿಸುವ ಅಳತೆ) ಡಿಶ್ ಇದ್ದರೆ ಬರಬೇಕಾದದ್ದು ಮೈನಸ್ 64 ಡಿಬಿಎಂ ಆಸುಪಾಸು. ಎರಡು ಮೂರು ಡೆಸಿಬೆಲ್ ಆಚೀಚೆ ಆಗುವುದು ಸಹಜ. ಕಟ್ಟಿದ ದಿನದಿಂದಲೇ 15, 20 ಡೆಸಿಬೆಲ್ ಕಡಿಮೆ ಇದ್ದರೆ ಡಿಶ್ಶನ್ನು ಮುಖ್ಯ ಕಿರಣದ ಬದಲು ಪಕ್ಕದ ಕಿರಣಕ್ಕೆ ಹೊಂದಿಸಿ ಬಿಗಿದಿರುತ್ತಾರೆ. ಬೋಲ್ಟು ಸಡಿಲಿಸಿ ಎಡದಿಂದ ಬಲಕ್ಕೆ ನಿಧಾನವಾಗಿ ಪೂರ್ತಿ ತಿರುಗಿಸಿದರೆ ಸಿಗ್ನಲ್ ಏರಿ ಇಳಿದು ಮತ್ತೆ ಏರುವುದು ಕಾಣುತ್ತದೆ, ಅವುಗಳಲ್ಲಿ ನಡುವಿನ, ಎಲ್ಲಕ್ಕಿಂತ ಎತ್ತರದ ಏರಿಕೆಯಲ್ಲಿ ಬಿಗಿಯಬೇಕು. ಎರಡು ಚೈನುಗಳ (ರೇಡಿಯೊದೊಳಗಿನ ಎರಡು ಸಿಗ್ನಲ್ ದಾರಿಗಳ) ಪೈಕಿ ಒಂದು ಮಾತ್ರ ತೀರಾ ಕಡಿಮೆ ಇದ್ದರೆ ಆ ಚೈನಿನ ಕನೆಕ್ಟರನ್ನು ನೋಡಿ.

ತಿಂಗಳಿಗೆ ಇಷ್ಟಿಷ್ಟೇ ಕುಸಿಯುತ್ತಾ ಬಂದಿದ್ದರೆ ದಾರಿಯಲ್ಲಿರುವ ಮರಗಳನ್ನು ನೋಡಿಕೊಂಡು ಬನ್ನಿ. ನಮ್ಮ ಜಿಲ್ಲೆಯಲ್ಲಿ ಇದು ಹೆಚ್ಚಾಗಿ ನೀಲಗಿರಿ ತೋಪು. ಕಟಾವಾದ ವರ್ಷ ಆಂಟೆನಾ ಕಟ್ಟಿದ್ದರೆ ಆಚೆಯ ಕಂಬ ಕಣ್ಣಿಗೆ ಚೆನ್ನಾಗಿ ಕಂಡಿರುತ್ತದೆ. ಎರಡು ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಕೂಳೆ ಚಿಗುರಿ ದಾರಿಗೆ ಅಡ್ಡ ಬಂದಿರುತ್ತದೆ. ಕಣ್ಣಿಗೆ ಕಂಡರೆ ಸಾಕು ಎನ್ನುವುದೂ ತಪ್ಪು. 6 ಕಿಲೋಮೀಟರಿನ ದಾರಿಯ ಮಧ್ಯದಲ್ಲಿ ಫ್ರೆನೆಲ್ ವಲಯದ (ದೃಷ್ಟಿರೇಖೆಯ ಸುತ್ತ ಸಿಗ್ನಲ್ ಹರಡಿ ಸಾಗುವ ಜಾಗದ) ತ್ರಿಜ್ಯ ಸುಮಾರು 8.8 ಮೀಟರ್, ಅದರ ಶೇ. 60 ಭಾಗ, ಅಂದರೆ ಐದು ಮೀಟರಿಗೂ ಮಿಕ್ಕಿದ ಜಾಗ ದೃಷ್ಟಿರೇಖೆಯ ಕೆಳಗೆ ಖಾಲಿ ಇರಬೇಕು.

ಮಳೆಯ ದೂರಿಗೆ ಬರೋಣ. 5 ಗಿಗಾಹರ್ಟ್ಸಿನಲ್ಲಿ ಮಳೆಹನಿಗಳು ನುಂಗುವ ಸಿಗ್ನಲ್ ಬಹಳ ಕಡಿಮೆ, ಆರು ಕಿಲೋಮೀಟರಿಗೆ ಜೋರು ಮಳೆಯಲ್ಲೂ ಕೆಲವೇ ಡೆಸಿಬೆಲ್. ಆದ್ದರಿಂದ ಮಳೆಯಲ್ಲಿ 10, 15 ಡೆಸಿಬೆಲ್ ಹೋಯಿತೆಂದರೆ ಬೇರೆ ಕಾರಣ ಹುಡುಕಬೇಕು, ಅದಕ್ಕೆ ಸುಳಿವು ಮಳೆ ನಿಂತ ಮೇಲಿನ ನಡವಳಿಕೆಯಲ್ಲಿದೆ. ಮಳೆ ನಿಂತು ಬಿಸಿಲು ಬಂದ ಒಂದೆರಡು ಗಂಟೆಯಲ್ಲಿ ಸರಿಹೋದರೆ ದಾರಿಯ ಒದ್ದೆ ಎಲೆಗಳು ಕಾರಣ, ದಿನವಿಡೀ ಸರಿಹೋಗದಿದ್ದರೆ ಕನೆಕ್ಟರಿನೊಳಗೆ ನೀರಿದೆ. ಕನೆಕ್ಟರ್ ಬಿಚ್ಚಿ ಒಣಗಿಸಿ ಮತ್ತೆ ಸುತ್ತುವುದರಲ್ಲಿ ಅರ್ಥವಿಲ್ಲ, ಕಿಲುಬು ಹಿಡಿದದ್ದನ್ನು ಬದಲಿಸಿ. ತನ್ನಷ್ಟಕ್ಕೆ ಅಂಟಿ ಒಂದಾಗುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ, ಹಂಚಿನ ಸಾಲಿನಂತೆ ಒಂದರ ಮೇಲೊಂದು ಬರುವ ಹಾಗೆ ಸುತ್ತಿ, ಅದರ ಮೇಲೆ ಬಿಸಿಲು ತಡೆಯುವ ಟೇಪು ಹಾಕಬೇಕು.

ಗಾಳಿ ಬೀಸಿದಾಗ ಮಾತ್ರ ಏರಿಳಿತವಾದರೆ ಕ್ಲಾಂಪು ಸಡಿಲ. ನಂದಿಬೆಟ್ಟದ ತಪ್ಪಲಿನ ಊರುಗಳಲ್ಲಿ ಕೋತಿಗಳು ಡಿಶ್ ಹಿಡಿದು ಜೋಲಾಡಿ ದಿಕ್ಕು ತಪ್ಪಿಸುವುದೂ ಉಂಟು, ಅಲ್ಲಿ ಕಂಬಕ್ಕೆ ಎರಡು ಕಡೆ ಕ್ಲಾಂಪು ಕೊಡುವುದು ಮೇಲು. ಸಿಗ್ನಲ್ ಚೆನ್ನಾಗಿದ್ದೂ ವೇಗ ಇಲ್ಲದಿದ್ದರೆ ಅದು ಅಕ್ಕಪಕ್ಕದ ರೇಡಿಯೊಗಳ ಗದ್ದಲ. 2018ರಿಂದ 5150ರಿಂದ 5350 ಮತ್ತು 5470ರಿಂದ 5875 ಮೆಗಾಹರ್ಟ್ಸ್‌ವರೆಗೆ ಶಕ್ತಿಯ ಮಿತಿಯೊಳಗೆ ಪರವಾನಗಿಯಿಲ್ಲದೆ ಬಳಸಬಹುದಾದ್ದರಿಂದ ಚಾನೆಲ್ ಬದಲಿಸಲು ಜಾಗ ಸಾಕಷ್ಟಿದೆ. ಶಕ್ತಿ ಹೆಚ್ಚಿಸುವುದಂತೂ ಪರಿಹಾರವಲ್ಲ.

ಎರಡು ಅರ್ಥ್ ಗುಂಡಿಗಳ ನಡುವಿನ ಅಪಾಯ

ಚಿಂತಾಮಣಿ ಬಳಿಯ ಒಂದು ಮನೆಯಲ್ಲಿ ಒಂದೇ ಬೇಸಿಗೆಯಲ್ಲಿ ಮೂರು ಬಾರಿ ರೇಡಿಯೊ ಮತ್ತು ರೂಟರ್ ಜೊತೆಯಾಗಿ ಸುಟ್ಟವು. ಮನೆಯ ಹಿರಿಯರು ನನಗೆ ಆಂಟೆನಾದ ಅರ್ಥ್ ಗುಂಡಿಯನ್ನು ತೋರಿಸಿ, “ನೋಡಪ್ಪ, ಇದಕ್ಕಂತಲೇ ಬೇರೆ ಗುಂಡಿ ತೆಗೆಸಿ ಉಪ್ಪು, ಇದ್ದಿಲು ಹಾಕಿಸಿದ್ದೀನಿ, ಮನೆ ಅರ್ಥಿಗೂ ಇದಕ್ಕೂ ಸಂಬಂಧವೇ ಇಲ್ಲ” ಎಂದರು. ಸಿಡಿಲಿನ ಕರೆಂಟು ಮನೆಯೊಳಗೆ ಬರಬಾರದೆಂಬ ಎಚ್ಚರಿಕೆಯಿಂದ ಖರ್ಚು ಮಾಡಿ ಮಾಡಿಸಿದ್ದ ಕೆಲಸ ಅದು. ಕಟ್ಟಿದವರು ಹಾಗೆಯೇ ಹೇಳಿದ್ದರಂತೆ. ಆದರೆ ರೇಡಿಯೊಗಳು ಸುಡುತ್ತಿದ್ದದ್ದು ಆ ಸಂಬಂಧವಿಲ್ಲದ ಕಾರಣದಿಂದಲೇ.

ಅದು ಹೀಗೆ ನಡೆಯುತ್ತದೆ. ಸಿಡಿಲಿನ ಮೊದಲ ಹೊಡೆತದ ಕರೆಂಟು ಸಾಮಾನ್ಯವಾಗಿ 30,000 ಆಂಪಿಯರ್ ಆಸುಪಾಸು. ಅದು 10 ಓಮ್ ಪ್ರತಿರೋಧವಿರುವ ಒಳ್ಳೆಯ ಅರ್ಥ್ ಗುಂಡಿಗೇ ಇಳಿದರೂ ಆ ಗುಂಡಿಯ ಸುತ್ತಲಿನ ನೆಲ ಆ ಕ್ಷಣಕ್ಕೆ ಮೂರು ಲಕ್ಷ ವೋಲ್ಟಿನ ಮಟ್ಟಕ್ಕೆ ಏರುತ್ತದೆ. ಸಿಡಿಲು ಮನೆಗೇ ಬೀಳಬೇಕೆಂದಿಲ್ಲ, ಹತ್ತಿರದ ಟ್ರಾನ್ಸ್‌ಫಾರ್ಮರಿಗೋ ತೆಂಗಿನ ಮರಕ್ಕೋ ಬಿದ್ದರೂ ನೆಲದ ವೋಲ್ಟೇಜು ಒಂದೊಂದು ಜಾಗದಲ್ಲಿ ಒಂದೊಂದು ಮಟ್ಟಕ್ಕೆ ಏರುತ್ತದೆ. ಮನೆಯ ಅರ್ಥ್ ಒಂದು ಕಡೆ, ಆಂಟೆನಾದ ಅರ್ಥ್ ಇನ್ನೊಂದು ಕಡೆ ಇದ್ದರೆ ಅವೆರಡರ ನಡುವೆ ಸಾವಿರಾರು ವೋಲ್ಟಿನ ವ್ಯತ್ಯಾಸ ಹುಟ್ಟುತ್ತದೆ, ಅವೆರಡನ್ನೂ ಕೂಡಿಸಿರುವ ಒಂದೇ ತಂತಿ ರೇಡಿಯೊದಿಂದ ರೂಟರಿಗೆ ಬಂದ ಈಥರ್ನೆಟ್ ಕೇಬಲ್. ಕರೆಂಟು ಆ ಕೂದಲೆಳೆಯಂಥ ತಂತಿಗಳಲ್ಲೇ ಹರಿದು ಎರಡೂ ತುದಿಯ ಪೋರ್ಟುಗಳನ್ನು ಸುಡುತ್ತದೆ. ಎರಡು ಗುಂಡಿಗಳನ್ನು ದಪ್ಪ ತಂತಿಯಿಂದ ಜೋಡಿಸಿದ್ದರೆ ಏರುವಾಗ ಎಲ್ಲವೂ ಜೊತೆಯಲ್ಲಿ ಏರುತ್ತವೆ, ವ್ಯತ್ಯಾಸ ತೀರಾ ಕಡಿಮೆಯಾಗುತ್ತದೆ, ಹರಿಯುವುದೂ ದಪ್ಪ ತಂತಿಯಲ್ಲೇ ಹರಿಯುತ್ತದೆ. ಬೇರೆ ಗುಂಡಿ ತೆಗೆದದ್ದು ತಪ್ಪಲ್ಲ, ಅದನ್ನು ಮನೆಯ ಗುಂಡಿಗೆ ಜೋಡಿಸದೆ ಬಿಟ್ಟದ್ದು ತಪ್ಪು.

ಪತ್ತೆ ಮಾಡುವುದು ಸುಲಭ. ಮೊದಲು ಮನೆಯ ಅರ್ಥಿಗೂ ಕಂಬದ ಅರ್ಥಿಗೂ ನಡುವೆ ಎಸಿ ವೋಲ್ಟೇಜು ಇಲ್ಲವೆಂದು ಖಚಿತ ಮಾಡಿಕೊಂಡು, ಅಡಾಪ್ಟರಿನ ಪ್ಲಗ್ಗನ್ನೂ ಈಥರ್ನೆಟ್ ಕೇಬಲ್ಲನ್ನೂ ಬಿಚ್ಚಿ, ಎರಡರ ನಡುವೆ ಓಮ್ ನೋಡಿ. ಮೀಟರಿನ ತಂತಿಗಳದ್ದೇ ಪ್ರತಿರೋಧವನ್ನು ಕಳೆದ ಮೇಲೆ 1 ಓಮಿಗಿಂತ ಕಡಿಮೆ ಬಂದರೆ ಜೋಡಣೆ ಇದೆ. ಹತ್ತಾರು ಓಮ್ ಬಂದು, ಅಂಕಿ ನಿಲ್ಲದೆ ಓಡಾಡುತ್ತಿದ್ದರೆ ನೀವು ಮಣ್ಣಿನ ಮೂಲಕ ಅಳೆಯುತ್ತಿದ್ದೀರಿ. ಆ ಮನೆಯಲ್ಲಿ ಬಂದದ್ದು 100ಕ್ಕಿಂತ ಹೆಚ್ಚು. ಹೊರಗೋಡೆಯ ಗುಂಟ ಎರಡು ಗುಂಡಿಗಳನ್ನು ಜೋಡಿಸಿದ ಮೇಲೆ ಎರಡು ಬೇಸಿಗೆ ಕಳೆದಿವೆ, ಅದೇ ರೇಡಿಯೊ ಇನ್ನೂ ನಡೆಯುತ್ತಿದೆ.

ಜೋಡಿಸುವ ತಂತಿ 16 ಚದರ ಮಿಲಿಮೀಟರಿಗೆ ಕಡಿಮೆಯಿಲ್ಲದ ತಾಮ್ರದ್ದೋ 25×3 ಮಿಲಿಮೀಟರಿನ ಜಿಐ ಪಟ್ಟಿಯೋ ಆಗಿರಲಿ. ಅದು ಹೊರಗಿನಿಂದ, ನೆಟ್ಟಗೆ, ಆದಷ್ಟು ಮೋಟು ದಾರಿಯಲ್ಲಿ ಇಳಿಯಲಿ. ಸಿಡಿಲಿನ ಕರೆಂಟು ಕಣ್ಣುಮುಚ್ಚಿ ತೆರೆಯುವುದಕ್ಕಿಂತ ಬಹಳ ಬೇಗ ಏರುವುದರಿಂದ ತಂತಿಯ ಪ್ರತಿ ಮೀಟರಿನಲ್ಲೂ ಸಾವಿರಾರು ವೋಲ್ಟು ಬೀಳುತ್ತದೆ. ಮಿಕ್ಕ ತಂತಿಯನ್ನು ಸುರುಳಿ ಸುತ್ತಿ ಮೂಲೆಯಲ್ಲಿ ಕಟ್ಟಿದರೆ ಅದು ತಡೆಯಾಗಿ ನಿಂತು, ಕರೆಂಟು ಗೋಡೆ ಹಾರಿ ಬೇರೆ ದಾರಿ ಹುಡುಕುತ್ತದೆ. ಮೆಟ್ಟಿಲ ಕೋಣೆಯ ಒಳಗಿನಿಂದ ಈ ತಂತಿ ತರಲೇಬಾರದು. ತಾಮ್ರವೂ ಜಿಐ ಕೂಡ ನೇರವಾಗಿ ತಾಗುವ ಕಡೆ ಸತುವು ಸವೆದುಹೋಗುವುದರಿಂದ ಅಲ್ಲಿ ತವರ ಲೇಪಿಸಿದ ಲಗ್ ಬಳಸಿ. ಕ್ಲಾಂಪು ಕೂರುವ ಕಡೆ ಕಂಬದ ಬಣ್ಣವನ್ನು ಲೋಹ ಕಾಣುವವರೆಗೆ ಕೆರೆಯಬೇಕು. ಬಣ್ಣದ ಮೇಲೆ ಬಿಗಿದ ಕ್ಲಾಂಪು ನೋಡಲು ಗಟ್ಟಿಯಾಗಿದ್ದರೂ ವಿದ್ಯುತ್ತಿಗೆ ದಾರಿ ಕೊಡುವುದಿಲ್ಲ, ಇದು ನಾನು ಅತಿ ಹೆಚ್ಚು ಸಲ ಕಂಡಿರುವ ದೋಷ. ಅದರ ನಂತರದ್ದು ಈಥರ್ನೆಟ್ ಸರ್ಜ್ ಪ್ರೊಟೆಕ್ಟರನ್ನು (ಕೇಬಲ್ಲಿಗೆ ಏರಿದ ಹೆಚ್ಚಿನ ವೋಲ್ಟೇಜನ್ನು ನೆಲಕ್ಕೆ ಹರಿಸುವ ಸಾಧನ) ಹಾಕಿ ಅದರ ಹಸಿರು ತಂತಿಯನ್ನು ಎಲ್ಲಿಗೂ ಕಟ್ಟದೆ ಬಿಡುವುದು. ಪ್ರೊಟೆಕ್ಟರ್ ಎರಡು ಬೇಕು, ಒಂದು ರೇಡಿಯೊ ಬಳಿ, ಇನ್ನೊಂದು ಕೇಬಲ್ ಮನೆಗೆ ನುಗ್ಗುವ ಕಡೆ. ಎರಡರ ಅರ್ಥ್ ತಂತಿಯೂ ಅರ್ಧ ಮೀಟರಿಗಿಂತ ಉದ್ದವಿರಬಾರದು. ಅಡಾಪ್ಟರಿನ ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸಿದ್ದರೆ ಕೇಬಲ್ಲಿನ ಲೋಹದ ಹೊದಿಕೆಗೆ ಅರ್ಥ್ ಇಲ್ಲವಾಗುತ್ತದೆ, ಅದನ್ನೂ ನೋಡಿ.

ಬೋರ್‌ವೆಲ್ಲಿನ ಕೇಸಿಂಗ್ ಪೈಪಿಗೆ ಅರ್ಥ್ ತಂತಿ ಕಟ್ಟುವುದು ಸುತ್ತಮುತ್ತ ಬಹಳ ಕಡೆ ಇದೆ. ಮೋಟಾರಿನ ವೈಂಡಿಂಗ್ ಸುಟ್ಟು ಕೇಸಿಂಗಿಗೆ ಕರೆಂಟು ಬಂದ ದಿನ ಅದು ತಾರಸಿಯ ಕಂಬಕ್ಕೂ ಬರುತ್ತದೆ. ಕೇಸಿಂಗನ್ನು ಬಿಟ್ಟು ಗುಂಡಿ ತೆಗೆಯಿರಿ.

ಬಂಡೆಯ ನೆಲದಲ್ಲಿ ಗುಂಡಿ

ಕೆಂಪು ಮಣ್ಣು ನಾಲ್ಕಾರು ಅಡಿ, ಕೆಳಗೆ ಬಂಡೆ: ಇದು ನಮ್ಮ ಬಹುಪಾಲು ಹಳ್ಳಿಗಳ ನೆಲ. 3 ಮೀಟರ್ ಉದ್ದ, 16 ಮಿಲಿಮೀಟರ್ ದಪ್ಪದ ಸಲಾಕೆ 100 ಓಮ್-ಮೀಟರಿನ (ಮಣ್ಣು ಕರೆಂಟನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ) ತೇವದ ಮಣ್ಣಿನಲ್ಲಿ ಸುಮಾರು 33 ಓಮ್ ಕೊಡುತ್ತದೆ, 1,000 ಓಮ್-ಮೀಟರಿನ ಒಣ ಕಲ್ಲುನೆಲದಲ್ಲಿ ಅದೇ ಸಲಾಕೆ 330 ಓಮ್ ದಾಟುತ್ತದೆ. ಅಲ್ಲಿ ಆಳಕ್ಕೆ ಹೋಗಲು ಹೆಣಗುವುದಕ್ಕಿಂತ ಅಡ್ಡಕ್ಕೆ ಹೋಗುವುದು ಜಾಣತನ. ಎರಡಡಿ ಆಳದ ಕಾಲುವೆ ತೋಡಿ 30 ಮೀಟರ್ ಜಿಐ ಪಟ್ಟಿಯನ್ನು ಮನೆಯ ಸುತ್ತ ಹೂತರೆ ಅದೇ ನೆಲದಲ್ಲಿ 60 ಓಮ್ ಆಸುಪಾಸಿಗೆ ಇಳಿಯುತ್ತದೆ, ಮನೆಯ ಸುತ್ತ ಇರುವುದರಿಂದ ಎಲ್ಲವನ್ನೂ ಒಂದೇ ಮಟ್ಟದಲ್ಲಿ ಇಡುವ ಲಾಭವೂ ಸಿಗುತ್ತದೆ. ಸಿಡಿಲು ರಕ್ಷಣೆಗೆ 10 ಓಮ್ ಒಳಗಿರಲಿ ಎನ್ನುವುದು ಸಾಮಾನ್ಯ ಗುರಿ. ಅದು ಸಾಧ್ಯವಾಗದ ಕಡೆ ಎಲ್ಲ ಅರ್ಥುಗಳ ಜೋಡಣೆ ಮತ್ತು ಮನೆಯ ಕರೆಂಟಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ನೆಲಕ್ಕೆ ಸೋರಿದರೆ ತಾನಾಗಿ ಆರುವ ಸ್ವಿಚ್), ಈ ಎರಡನ್ನು ಬಿಡಲೇಬಾರದು.

ಮಲ್ಟಿಮೀಟರಿನಲ್ಲಿ ಅರ್ಥ್ ಗುಂಡಿಯ ಪ್ರತಿರೋಧ ಅಳೆಯಲು ಬರುವುದಿಲ್ಲ. ಅದಕ್ಕೆ ಅರ್ಥ್ ಟೆಸ್ಟರ್ ತಂದು, ಗುಂಡಿಯಿಂದ ದೂರಕ್ಕೆ ಒಂದು ಕರೆಂಟ್ ಸಲಾಕೆ, ಆ ದೂರದ ಶೇ. 62ರಲ್ಲಿ ವೋಲ್ಟೇಜ್ ಸಲಾಕೆ ಹೊಡೆದು ಅಳೆಯಬೇಕು. ವೋಲ್ಟೇಜ್ ಸಲಾಕೆಯನ್ನು ಸ್ವಲ್ಪ ಹಿಂದಕ್ಕೂ ಮುಂದಕ್ಕೂ ಸರಿಸಿದಾಗ ಓದು ಹೆಚ್ಚು ಬದಲಾಗದಿದ್ದರೆ ಅಳತೆ ನಂಬಬಹುದು. ಅಳೆಯುವಾಗ ಗುಂಡಿಯನ್ನು ಮನೆಯಿಂದ ಬಿಚ್ಚಬೇಕಾಗುವುದರಿಂದ ಮೇನ್ ಆರಿಸಿ, ಗುಡುಗಿಲ್ಲದ ಬೆಳಗಿನ ಹೊತ್ತಿನಲ್ಲಿ ಮಾಡಿ, ಮುಗಿದ ಕೂಡಲೇ ಮತ್ತೆ ಜೋಡಿಸಿ.

ಬಿಟ್ಟು ಬರುವ ಮುನ್ನ

ಕಂಬದ ತುದಿ ಆಂಟೆನಾಕ್ಕಿಂತ ಎತ್ತರವಿದೆಯೇ ನೋಡಿ. ಡಿಶ್ಶನ್ನು ಕಂಬದ ನೆತ್ತಿಗೇ ಕಟ್ಟಿದ್ದರೆ ಅದನ್ನು ಕೆಳಗಿಳಿಸಿ, ಇಲ್ಲವೇ ಮೇಲೆ ಒಂದು ಮೀಟರಿನ ಸಲಾಕೆ ಏರಿಸಿ, ತುದಿಯಿಂದ 45 ಡಿಗ್ರಿ ಇಳಿಜಾರಿನೊಳಗೆ ರೇಡಿಯೊ ಬರುವಂತೆ ಮಾಡಿ. ಇಷ್ಟೆಲ್ಲ ಮಾಡಿದ ಮೇಲೂ ನೇರವಾಗಿ ಸಿಡಿಲು ಬಡಿದರೆ ರೇಡಿಯೊ ಉಳಿಯುತ್ತದೆಂದು ನಾನು ಮನೆಯವರಿಗೆ ಹೇಳುವುದಿಲ್ಲ. ಮನೆಗೆ ಬೆಂಕಿ ಬೀಳದಂತೆ, ಮನುಷ್ಯರಿಗೆ ತಾಗದಂತೆ ಕರೆಂಟು ನೆಲ ಸೇರುವ ಸಾಧ್ಯತೆಯನ್ನು ಇದು ಹೆಚ್ಚಿಸುತ್ತದೆ ಎಂದು ಹೇಳುತ್ತೇನೆ. ಮೋಡ ಕಟ್ಟುವ ಮೊದಲೇ ಅಡಾಪ್ಟರ್ ಮತ್ತು ಕೇಬಲ್ ಬಿಚ್ಚಿಡಬಹುದು, ಗುಡುಗು ಶುರುವಾದ ಮೇಲೆ ಅವುಗಳನ್ನು ಮುಟ್ಟಬಾರದು ಎಂಬುದನ್ನು ಮನೆಯ ಹೆಂಗಸರಿಗೂ ಮಕ್ಕಳಿಗೂ ತಿಳಿಸಿ ಬರಬೇಕು.

ರೂಟರ್ ಪೆಟ್ಟಿಗೆಯ ಬಾಗಿಲಿನ ಒಳಮೈಗೆ ಒಂದು ಚೀಟಿ ಅಂಟಿಸಿ ಅದರಲ್ಲಿ ದಿನಾಂಕ, ಎರಡೂ ಚೈನುಗಳ ಸಿಗ್ನಲ್, ಪೋರ್ಟಿನ ವೇಗ, ಅಡಾಪ್ಟರಿನ ವೋಲ್ಟೇಜು, ಎರಡು ಅರ್ಥುಗಳ ನಡುವಿನ ಓಮ್, ಗುಂಡಿಯ ಓಮ್ ಬರೆಯಿರಿ. ಮಾರ್ಚ್ ಕೊನೆಯ ವಾರದಲ್ಲಿ, ನೆಲ ಪೂರ್ತಿ ಒಣಗಿ ಮೊದಲ ಗುಡುಗು ಇನ್ನೂ ಬಾರದಿರುವಾಗ, ಅದೇ ಅಳತೆಗಳನ್ನು ಮತ್ತೆ ತೆಗೆದು ಹಳೆಯ ಸಾಲಿನ ಕೆಳಗೆ ಬರೆಯಬೇಕು.